ಸವೆದ ಅಚ್ಚಿನ ಕಾರು

ಅಣ್ಣ ತೀರಿಕೊಂಡು ಎರಡು ವರ್ಷ ತುಂಬಿದ ಮೇಲೆ ಕಡೂರಿನ ಮನೆಯ ಅಟ್ಟವನ್ನು ಖಾಲಿ ಮಾಡಿದರು. ತಳ ತೂತಾದ ತಾಮ್ರದ ಹಂಡೆ, ಗಾಜಿಲ್ಲದ ಕಂದೀಲು, ಅಜ್ಜಿಯ ಕಡೆಗೋಲು, ಇವುಗಳ ಹಿಂದೆ ಅಣ್ಣನ ಹೈಸ್ಕೂಲು ಕಾಲದ ತಗಡಿನ ಟ್ರಂಕು. ಅದರ ತಳದಲ್ಲಿ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಆಟದ ಕಾರು. ಅತ್ತಿಗೆ ಫೋನು ಮಾಡಿ, "ನೀನು ನೋಡಬೇಕಾದ್ದೊಂದು ಸಿಕ್ಕಿದೆ, ಒಂದು ಸಲ ಬಂದು ಹೋಗು" ಅಂದರು. ನಾನು ತರೀಕೆರೆಯಲ್ಲಿ ಬಸ್ಸು ಹತ್ತಿ, ಬೀರೂರು ದಾಟಿ, ಕಡೂರಿನಲ್ಲಿ ಇಳಿಯುವಷ್ಟರಲ್ಲಿ ಅಣ್ಣನ ಮಗ ಅದರ ಆರು ಫೋಟೋ ತೆಗೆದು, ಬೆಂಗಳೂರಿನಲ್ಲಿ ಇಂಥವನ್ನು ಕೂಡಿಡುವ ಒಬ್ಬರಿಗೆ ಕಳಿಸಿ, ಉತ್ತರವನ್ನೂ ತರಿಸಿಕೊಂಡಿದ್ದ.

ಉತ್ತರವೆಂದರೆ ಮೂರು ಪ್ರಶ್ನೆ. ಪೆಟ್ಟಿಗೆ ಇದೆಯೇ? ಟೈರು ನಾಲ್ಕೂ ಇವೆಯೇ? ಬಣ್ಣ ಮೂಲದ್ದೋ, ಆಮೇಲೆ ಬಳಿದದ್ದೋ?

ಪೆಟ್ಟಿಗೆ ಇರಲಿಲ್ಲ. ಟೈರು ಮೂರೇ ಇದ್ದವು. ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ ಎಂದು ಆಗ ತಿಳಿದಿದ್ದೆ. ಸುಮ್ಮನಿದ್ದೆ.

ನಮ್ಮ ಅಪ್ಪ ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯ ದನಗಳ ವಂಶ ಮೈಸೂರು ಒಡೆಯರ ಬೆಣ್ಣೆ ಚಾವಡಿಯದು. ಅಮೃತ ಮಹಲ್ ಎಂಬ ಹೆಸರು ಟಿಪ್ಪು ಕೊಟ್ಟದ್ದು. ಯಾವ ಕರುವಿಗೆ ಯಾವ ತಾಯಿ, ಯಾವ ಹೋರಿ, ಯಾವ ದಿನ ಹುಟ್ಟಿತು, ಎಲ್ಲವೂ ಅಪ್ಪನ ದುಂಡು ಅಕ್ಷರದಲ್ಲಿ ರಿಜಿಸ್ಟರಿನಲ್ಲಿ ಇರುತ್ತಿತ್ತು. ಮನುಷ್ಯರ ಜಾತಕ ತಪ್ಪಬಹುದು, ನಮ್ಮ ದನದ್ದು ತಪ್ಪುವುದಿಲ್ಲ ಎನ್ನುತ್ತಿದ್ದರು. ಅಂಥವರ ಮನೆಗೆ 1970ರ ಬೇಸಿಗೆಯಲ್ಲಿ, ಕಲ್ಕತ್ತೆಯ ಬ್ಯಾಂಕಿನಲ್ಲಿದ್ದ ಚಿಕ್ಕಪ್ಪ ಹೌರಾದಿಂದ ಮದರಾಸು, ಬೆಂಗಳೂರು ಎಂದು ರೈಲು ಬದಲಾಯಿಸುತ್ತ ಬಂದು, ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದರು. ಅಣ್ಣನಿಗೆ ಆ ಕಾರು. ನನಗೆ ಒಂದು ಸುರುಳಿ ಬಣ್ಣದ ರಿಬ್ಬನ್ನು. "ಇಂಗ್ಲೆಂಡಿನ ಮಾಲು, ಜೋಪಾನ" ಎಂದು ಚಿಕ್ಕಪ್ಪ ಹೇಳಿದ ಮಾತನ್ನು ಅಪ್ಪ ಯಾವ ರಿಜಿಸ್ಟರನ್ನೂ ತೆಗೆದು ನೋಡದೆ ನಂಬಿದರು. ನಾವೆಲ್ಲ ನಂಬಿದೆವು. ಐವತ್ತು ವರ್ಷ ಅದು ನಮ್ಮ ಮನೆಯ ಇಂಗ್ಲೆಂಡಿನ ಕಾರಾಗಿಯೇ ಇತ್ತು.

ಈಗ ಮಗುಚಿ ನೋಡಿದರೆ ಹೊಟ್ಟೆಯಡಿಯ ತಗಡಿನಲ್ಲಿ ಒಂದು ಕಡೆ ಹೆಸರನ್ನು ಉಜ್ಜಿ ಅಳಿಸಿದ ಗುರುತು. ಕಿಟಕಿಯ ಓರೆ ಬೆಳಕಿಗೆ ಹಿಡಿದರೆ ಅಳಿಸಿದ ಅಕ್ಷರಗಳ ನೆರಳು ಕಾಣುತ್ತದೆ. ಸಂಗ್ರಾಹಕರು ಇದರಿಂದಲೇ ಗುರುತು ಹಿಡಿದರಂತೆ. "ನಿಕ್ಕಿ" ಎಂದರಂತೆ. ಹುಡುಗನ ಮುಖ ಸಣ್ಣದಾಯಿತು. "ಅತ್ತೆ, ಇದು ನಕಲು. ಕಲ್ಕತ್ತಾದಲ್ಲಿ ಮಾಡಿದ್ದು" ಅಂದ.

ಈ ನಕಲು ಎಂಬ ಮಾತಿಗೇ ನನ್ನ ಮೊದಲ ತಕರಾರು.

ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ ಮೆಕ್ಯಾನೊ ಕಂಪನಿ ಕಟ್ಟಿದ. ಆಟದ ರೈಲುಗಳ ಪಕ್ಕದಲ್ಲಿ ಇಡಲೆಂದು 1933ರಲ್ಲಿ ಪುಟ್ಟ ಕಾರು, ಲಾರಿಗಳನ್ನು ಹೊರತಂದ. ಮರುವರ್ಷ ಅವಕ್ಕೆ ಡಿಂಕಿ ಟಾಯ್ಸ್ ಎಂದು ಹೆಸರಾಯಿತು. ಅಂದರೆ ಈ ಕಾರುಗಳು ಹುಟ್ಟಿದ್ದೇ ರೈಲಿನ ಸ್ಟೇಷನ್ನಿನ ಹೊರಗೆ ಕಾಯುವ ಕಾರುಗಳಾಗಿ. ಮೊದಲು ಸೀಸದಲ್ಲಿ, ಆಮೇಲೆ ಸತುವಿನ ಮಿಶ್ರಲೋಹದಲ್ಲಿ ಎರಕ. ಕರಗಿದ ಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ, ಗಟ್ಟಿಯಾದ ಕೂಡಲೇ ಬಿಡಿಸುವುದು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರೆಲ್ಲ ಈ ವಿದ್ಯೆಯನ್ನು ಬಲ್ಲರು. ಪಾಕದ ಹದ, ಅಚ್ಚಿನ ಎರಡು ಹೋಳಿನ ಬಿಗಿ, ಬಿಡಿಸುವ ಗಳಿಗೆ, ಇಷ್ಟೇ. ಒಂದೇ ಮನೆಯ ಅಚ್ಚು ಬೀದಿಯೆಲ್ಲ ಸುತ್ತುತ್ತದೆ. ವರ್ಷ ಕಳೆದಂತೆ ಮರ ಸವೆದು ಆನೆಯ ಸೊಂಡಿಲು ಮೊಂಡಾಗುತ್ತದೆ, ಗಿಣಿಯ ಕೊಕ್ಕು ಕರಗುತ್ತದೆ. ಆದರೂ ಆನೆ ಆನೆಯೇ. ಎದುರುಮನೆಯ ಅಚ್ಚು ತಂದು ಎರೆದ ಆನೆಯನ್ನು ಯಾರಾದರೂ ನಕಲಿ ಆನೆ ಎಂದದ್ದುಂಟೇ?

ನಿಕ್ಕಿಯ ಕಥೆ ಅದೇ. 1950ರ ದಶಕದ ಕೊನೆಯಿಂದ ವಿದೇಶಿ ವಿನಿಮಯದ ಮುಗ್ಗಟ್ಟಿನಿಂದಾಗಿ ನಮ್ಮ ದೇಶದಲ್ಲಿ ಆಮದು ಬಿಗಿಯಾಯಿತು. ಆಟದ ಸಾಮಾನು ಯಾರಿಗೆ ಬೇಕು ಎಂಬ ಕಾಲ. ಇತ್ತ ಲಿವರ್‌ಪೂಲಿನಲ್ಲಿ ಡಿಂಕಿಗೂ ದಿನಗಳು ಚೆನ್ನಾಗಿರಲಿಲ್ಲ. 1956ರಲ್ಲಿ ಕೋರ್ಗಿ ಎಂಬ ಎದುರಾಳಿ ಕಿಟಕಿಗಳಿಗೆ ಪ್ಲಾಸ್ಟಿಕ್ಕಿನ ಗಾಜು ಹಾಕಿಕೊಂಡು ಬಂದಿತ್ತು. ಹಳೆಯ ಮಾದರಿಗಳನ್ನು ನಿಲ್ಲಿಸಿದಾಗ ಅವುಗಳ ಅಚ್ಚುಗಳಲ್ಲಿ ಕೆಲವನ್ನು ಕಲ್ಕತ್ತೆಯ ಅಟಾಮ್ಕೊ ಎಂಬ ಕಂಪನಿ ಕೊಂಡಿತು. 60ರ ದಶಕದ ಕೊನೆಯಲ್ಲಿ ಅದೇ ಅಚ್ಚಿನಿಂದ ಎರಕ ಹೊಯ್ದು, ಡಿಂಕಿಯ ಹೆಸರನ್ನು ಉಜ್ಜಿ ಹಾಕಿ, ನಿಕ್ಕಿ ಟಾಯ್ಸ್ ಎಂದು ಮಾರಿತು. ಬೆಂಟ್ಲಿ, ಜಾಗ್ವಾರ್, ಫೋಕ್ಸ್‌ವ್ಯಾಗನ್, ನಮ್ಮ ಬೀದಿಗಳು ಕಾಣದ ಕಾರುಗಳೇ ಹೆಚ್ಚು. ಆದರೆ ಒಂದು ಮಾತ್ರ ನಮ್ಮದಾಗಿತ್ತು. ಡಿಂಕಿಯವರು 1959ರಲ್ಲಿ ಮಾಡಿದ್ದ ಟ್ರಯಂಫ್ ಹೆರಾಲ್ಡ್. ಆ ಕಾರನ್ನು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯವರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದರು. ಕಲ್ಕತ್ತೆಯವರೂ ಆಟಿಕೆಗೆ ಅದೇ ಹೆಸರಿಟ್ಟರು. ನಮ್ಮ ಟ್ರಂಕಿನಲ್ಲಿ ಇದ್ದದ್ದು ಅದು: ಲಿವರ್‌ಪೂಲಿನ ಅಚ್ಚು, ಕಲ್ಕತ್ತೆಯ ಎರಕ, ಮದರಾಸಿನ ಹೆಸರು.

ಹಾಗಾದರೆ ಅದು ಒಳ್ಳೆಯ ಕೆಲಸವೇ ಎಂದು ಕೇಳಿದರೆ, ಅಲ್ಲ. ಅಭಿಮಾನಕ್ಕೆ ಸುಳ್ಳು ಹೇಳಬಾರದು. ಹುಡುಗ ತನ್ನ ಫೋನಿನಲ್ಲಿ ಡಿಂಕಿಯ ಹೆರಾಲ್ಡಿನ ಚಿತ್ರ ತೆಗೆದು ಪಕ್ಕದಲ್ಲಿ ಹಿಡಿದ. ಅದರ ಬಾಗಿಲಿನ ಗೆರೆ ಸೂಜಿಯಲ್ಲಿ ಎಳೆದಂತಿದೆ. ನಮ್ಮದರ ಗೆರೆ ಅಲ್ಲಲ್ಲಿ ಮುಚ್ಚಿಹೋಗಿದೆ. ಅಂಚಿನಲ್ಲಿ ಲೋಹ ಹೊರಚಾಚಿದ್ದನ್ನು ಅರದಿಂದ ಉಜ್ಜುವ ತಾಳ್ಮೆಯೂ ಇರಲಿಲ್ಲ; ಚಿಕ್ಕಂದಿನಲ್ಲಿ ಅದು ನನ್ನ ಬೆರಳನ್ನು ಗೀರಿದ್ದು ನೆನಪಿದೆ. ಇದು ಒರಟು ಕೆಲಸವೇ. ಆದರೆ ಆ ಮುಂಭಾಗ ನೋಡಿ, ದೀಪಗಳ ಮೇಲೆ ಹುಬ್ಬಿನಂತೆ ಬಾಗಿದ ಆ ರೇಖೆ, ಅದು ಉಳಿದಿದೆ. ಅಜ್ಜಂಪುರದ ಧೂಳಿನಲ್ಲಿ ಯಾವಾಗಲೋ ಒಮ್ಮೆ ಬರುತ್ತಿದ್ದ ಡಾಕ್ಟರ ಹೆರಾಲ್ಡು ಹೀಗೆಯೇ ಇತ್ತು, ಸ್ವಲ್ಪ ಆಶ್ಚರ್ಯಪಟ್ಟವರ ಮುಖದ ಹಾಗೆ. ಎಷ್ಟು ಸವೆದ ಅಚ್ಚಾದರೂ ಕಾರಿನ ಮುಖಭಾವ ಹೋಗಿಲ್ಲ ಎಂದರೆ ಅಚ್ಚು ಕೊರೆದವನ ಕೈ ದೊಡ್ಡದು.

ಇಷ್ಟನ್ನೆಲ್ಲ ಹುಡುಕಿ ಕೊಟ್ಟವರು ಸಂಗ್ರಾಹಕರೇ. ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು. ಚಕ್ರದ ಬಗೆ, ತಳದ ಅಕ್ಷರ, ಒಂದು ಬಣ್ಣದಿಂದ ಇನ್ನೊಂದಕ್ಕೆ ಬದಲಾದ ಕಾಲ, ಇವನ್ನೆಲ್ಲ ಅಪ್ಪನ ರಿಜಿಸ್ಟರಿನಷ್ಟೇ ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಅವರಿಲ್ಲದಿದ್ದರೆ ಚಿಕ್ಕಪ್ಪನ ಮಾತೇ ನಮಗೆ ಕೊನೆಯ ಮಾತಾಗಿರುತ್ತಿತ್ತು. ಮೂಲ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬೆಲೆ ಕಟ್ಟಲು ಕೂತಾಗಲೇ ಅವರಿಗೆ ಏನೋ ಆಗಿಬಿಡುತ್ತದೆ.

ಅವರ ಭಾಷೆಯಲ್ಲಿ ಅತ್ಯುತ್ತಮ ಆಟಿಕೆ ಎಂದರೆ ಯಾರೂ ಆಡದ ಆಟಿಕೆ. ಅದಕ್ಕೆ ಮಿಂಟ್ ಎನ್ನುತ್ತಾರೆ, ಟಂಕಸಾಲೆಯಿಂದ ಈಗ ತಾನೇ ಬಂದ ನಾಣ್ಯದಂತೆ. ಪೆಟ್ಟಿಗೆಯೊಂದಿಗೆ ಇದ್ದರೆ ಇನ್ನೂ ಮೇಲು. ಎಷ್ಟೋ ಸಲ ಕಾರಿಗಿಂತ ಅದರ ರಟ್ಟಿನ ಪೆಟ್ಟಿಗೆಗೇ ಹೆಚ್ಚು ಬೆಲೆಯಂತೆ, ಏಕೆಂದರೆ ಕಾರನ್ನು ಮಗು ಉಳಿಸಿದರೂ ಪೆಟ್ಟಿಗೆಯನ್ನು ಉಳಿಸುವುದಿಲ್ಲ. 1930ರ ದಶಕದ ಒಂದು ಡಿಂಕಿ ವ್ಯಾನು, ಪಕ್ಕದಲ್ಲಿ ಡಬ್ಲ್ಯು. ಇ. ಬಾಯ್ಸ್ ಎಂಬ ಸೈಕಲ್ಲಿನ ಅಂಗಡಿಯ ಹೆಸರಿದ್ದದ್ದು, 2008ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 19,975 ಪೌಂಡಿಗೆ ಹೋಯಿತು. ಅದಕ್ಕಿಂತ ವಿಚಿತ್ರ ಅಮೆರಿಕದ ಹಾಟ್ ವೀಲ್ಸ್ ಕಥೆ. 1969ರಲ್ಲಿ ಅವರು ಫೋಕ್ಸ್‌ವ್ಯಾಗನ್ ವ್ಯಾನಿನ ಹಿಂಬದಿಯ ಕಿಟಕಿಯಿಂದ ಅಲೆಯ ಮೇಲೆ ಜಾರುವ ಹಲಗೆಗಳು ಹೊರಬಂದಂತೆ ಒಂದು ಮಾದರಿ ಮಾಡಿದರು. ಅದು ತೀರ ಸಪೂರ, ತಲೆಭಾರ. ಅವರದೇ ಓಟದ ಪಟ್ಟಿಯ ಮೇಲೆ ನೆಟ್ಟಗೆ ಓಡಲಿಲ್ಲ. ಹಲಗೆಗಳನ್ನು ಪಕ್ಕಕ್ಕೆ ಸರಿಸಿ, ಬೇರೆ ರೂಪ ಕೊಟ್ಟು ಮಾರಿದರು. ಇಂದು ಹಾಟ್ ವೀಲ್ಸ್‌ಗಳಲ್ಲೆಲ್ಲ ದುಬಾರಿ ಎಂದರೆ ಓಡದೆ ಬಿದ್ದುಹೋಗುತ್ತಿದ್ದ ಆ ಮೊದಲ ಮಾದರಿಯ ಗುಲಾಬಿ ಬಣ್ಣದ್ದು. ಒಂದು ಲಕ್ಷ ಡಾಲರಿಗೂ ಮೀರಿ ಬೆಲೆ ಹೇಳುತ್ತಾರೆ. ಆಟಿಕೆಯಾಗಿ ಸೋತದ್ದಕ್ಕೆ ಆಟಿಕೆಗಳಲ್ಲೇ ಹೆಚ್ಚಿನ ಬೆಲೆ! ಅಪರೂಪ ಎಂಬುದು ಒಂದು ಗುಣವೇ ಹೊರತು ಎಲ್ಲ ಗುಣಗಳೂ ಅಲ್ಲ ಎನ್ನುವುದನ್ನು ಈ ಪಂಡಿತರು ಮರೆತಂತೆ ಕಾಣುತ್ತದೆ.

ನಗುವ ಮೊದಲು ನಮ್ಮನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಶೋಕೇಸು ಎಂಬ ಗಾಜಿನ ಜೈಲನ್ನು ಹಜಾರದಲ್ಲಿ ಕಟ್ಟಿಸಿ, ಮಕ್ಕಳ ಹುಟ್ಟುಹಬ್ಬಕ್ಕೆ ಬಂದ ಆಟಿಕೆಯನ್ನು ಪ್ಲಾಸ್ಟಿಕ್ ಹೊದಿಕೆಯ ಸಮೇತ ಒಳಗಿಟ್ಟು, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡವರು ಯಾರು? ಮಿಂಟ್ ಎಂಬ ವಿದ್ಯೆಯಲ್ಲಿ ನಾವೇ ಆದಿಗುರುಗಳು. ಈ ಹುಡುಗನಿಗೆ ಚಿಕ್ಕವನಿದ್ದಾಗ ನಾನು ಕೊಡಿಸಿದ್ದ ಒಂದು ಹಾಟ್ ವೀಲ್ಸ್ ಕಾರು, ಲಿಯೋ ಮ್ಯಾಟೆಲ್ ಹೆಸರಿನಲ್ಲಿ ನಮ್ಮ ದೇಶದಲ್ಲೇ ತಯಾರಾದದ್ದು, ಬೀರೂರು ಜಂಕ್ಷನ್ನಿನಲ್ಲಿ ಹಳಿಗಳ ನಡುವೆ ಬಿದ್ದುಹೋಯಿತು. ಅವನು ಶಿವಮೊಗ್ಗ ಬರುವವರೆಗೂ ಅತ್ತ. ಈಗ ಹೊರದೇಶದ ಸಂಗ್ರಾಹಕರು ಅಂಥ ಭಾರತದ ಕಾರುಗಳನ್ನೇ ಹುಡುಕುತ್ತಾರಂತೆ. "ಶೋಕೇಸಲ್ಲಿ ಇಟ್ಟಿದ್ರೆ ಉಳೀತಿತ್ತು" ಎಂದು ಈಗ ಅವನೇ ಹೇಳುತ್ತಾನೆ. ಉಳಿಯುತ್ತಿತ್ತು, ನಿಜ. ಆದರೆ ಶಿವಮೊಗ್ಗದವರೆಗೆ ಅಳುವಷ್ಟು ಅದು ಅವನದಾಗುತ್ತಿತ್ತೇ?

ಬೆಲೆ ಕಟ್ಟುವ ಇನ್ನೊಂದು ಕ್ರಮವೂ ನಮ್ಮಲ್ಲಿದೆ. ನವರಾತ್ರಿಯ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆ ತಾಯಿಯಿಂದ ಮಗಳಿಗೆ ಬರುತ್ತದೆ. ಮೂಗು ಮುಕ್ಕಾಗಿದ್ದರೆ ಯಾವ ವರ್ಷ, ಯಾರ ಕೈಯಿಂದ ಬಿದ್ದು ಮುಕ್ಕಾಯಿತು ಎಂಬ ವರದಿಯೂ ಜೊತೆಗೇ ಬರುತ್ತದೆ. ರಾಣಿಯ ಸೀರೆ ಮೂರು ಸಲ ಬದಲಾಗಿರುತ್ತದೆ, ಒಂದೊಂದೂ ಒಬ್ಬೊಬ್ಬ ಸೊಸೆಯ ಮದುವೆಯ ರವಿಕೆಯ ಚೂರು. ಬೊಂಬೆ ನೋಡಲು ಬಂದ ಮುತ್ತೈದೆಯರು "ಇದು ರೀಪೇಂಟ್" ಎಂದು ಬೆಲೆ ಇಳಿಸುವುದಿಲ್ಲ. ನಮ್ಮಮ್ಮ ಆ ಹೆರಾಲ್ಡನ್ನೂ ಒಂದು ವರ್ಷ ಕೆಳಗಿನ ಸಾಲಿನಲ್ಲಿ, ತಟ್ಟೆಯಲ್ಲಿ ರಾಗಿ ಮೊಳೆಯಿಸಿ ಮಾಡಿದ ಪಾರ್ಕಿನ ಪಕ್ಕ ನಿಲ್ಲಿಸಿದ್ದಳು. ಚನ್ನಪಟ್ಟಣದ ಅರಗಿನ ಬಣ್ಣದ ರಾಜ ರಾಣಿಯರ ಎದುರಿಗೆ ಅದು ಸ್ವಲ್ಪ ಹೊತ್ತು ಕಾಯಲು ನಿಂತ ಬಾಡಿಗೆ ಕಾರಿನಂತೆ ಕಾಣುತ್ತಿತ್ತು.

ಆಗಲೇ, ಅಂದರೆ 1970ರ ನವರಾತ್ರಿಯಲ್ಲೇ, ನನಗೆ ಆ ಕಾರು ಬೇಕು ಎನ್ನಿಸಿದ್ದು. ಕೇಳಬಹುದು ಎಂದು ಹೊಳೆಯಲೇ ಇಲ್ಲ. ಕಾರು ಗಂಡುಹುಡುಗರದು, ರಿಬ್ಬನ್ನು ನನ್ನದು. ಸೂರ್ಯ ಮೂಡಣಕ್ಕೆ ಹುಟ್ಟುವಷ್ಟು ಸಹಜವಾದ ಮಾತು. ಸಂಗ್ರಾಹಕರ ಪುಸ್ತಕಗಳಲ್ಲೂ ಅದೇ ರಾಗ, ಹುಡುಗರು, ಹುಡುಗರು. ಮ್ಯಾಚ್‌ಬಾಕ್ಸ್ ಕಾರುಗಳ ಕಥೆಯನ್ನು ಮಾತ್ರ ಅವರೇ ಬೇರೆ ರೀತಿ ಹೇಳುತ್ತಾರೆ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್‌ನ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದು ಎಂಬ ನಿಯಮವಿತ್ತು. ಅಪ್ಪ ರಸ್ತೆ ಸಮಮಾಡುವ ರೋಲರನ್ನು ಅಷ್ಟು ಚಿಕ್ಕದಾಗಿ ಮಾಡಿಕೊಟ್ಟ. ಅದನ್ನು ನೋಡಿದ ಮಕ್ಕಳೆಲ್ಲ ತಮಗೂ ಬೇಕೆಂದರು. 1953ರಿಂದ ಆ ಹೆಸರಿನಲ್ಲೇ ಕಾರುಗಳು ಹೊರಬಂದು ಲೋಕವೆಲ್ಲ ಹರಡಿದವು. ಒಬ್ಬ ಹುಡುಗಿ ರೋಡ್ ರೋಲರನ್ನು ಶಾಲೆಗೆ ಒಯ್ದದ್ದರಿಂದ ಇಷ್ಟಾಯಿತು. ಅವಳು ಕೇಳಿದ್ದಳು, ನೋಡಿ.

ನಾನು ಕೇಳಲಿಲ್ಲ, ತೆಗೆದುಕೊಂಡೆ. 1971ರಲ್ಲಿ ಅಣ್ಣನನ್ನು ಹೈಸ್ಕೂಲಿಗೆಂದು ಕಡೂರಿನ ಅಜ್ಜಿಯ ಮನೆಯಲ್ಲಿ ಬಿಟ್ಟರು. ಕಾರು ಅಜ್ಜಂಪುರದ ಮನೆಯ ಗೂಡಿನಲ್ಲೇ ಉಳಿಯಿತು. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಜಗುಲಿಯ ಅಂಚಿನಲ್ಲಿ, ಹಿತ್ತಿಲಿನ ಕಲ್ಲಿನ ಮೇಲೆ, ಅಂತರಘಟ್ಟೆಯ ಜಾತ್ರೆಗೆ ಎತ್ತಿನ ಗಾಡಿಗಳು ಧೂಳೆಬ್ಬಿಸಿ ಓಡುವ ಹಾಗೆ ಅದನ್ನು ಓಡಿಸಿದೆ. ಒಂದು ಟೈರು ಅಲ್ಲೇ ಎಲ್ಲೋ ಕಳೆಯಿತು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಆ ವರ್ಷ ಕಿಟಕಿಗಳಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಮೂರು ಮಧ್ಯಾಹ್ನ ಕೂತು, ಇಡೀ ಕಾರಿಗೆ ಬಳಿದೆ. ಕಿಟಕಿಯ ಚೌಕಟ್ಟಿನ ಆಚೆಗೆ ಒಂದು ಕಡೆಯೂ ಹೋಗದ ಹಾಗೆ. ಆಗ ನನಗೆ ಹತ್ತು ವರ್ಷ. ದೀಪಾವಳಿಗೆ ಬಂದ ಅಣ್ಣ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಒಂದು ಮಾತೂ ಆಡದೆ ಟ್ರಂಕಿನಲ್ಲಿಟ್ಟುಕೊಂಡ. ಬೈದಿದ್ದರೆ ಅಂದಿಗೆ ಮುಗಿಯುತ್ತಿತ್ತು. ಅವನು ಹೋಗುವವರೆಗೂ ನಮ್ಮ ನಡುವೆ ಆ ಮಾತು ಬರಲೇ ಇಲ್ಲ.

ಇದನ್ನೆಲ್ಲ ಕೊನೆಗೂ ಹೇಳಿದೆ, ಕಡೂರಿನ ಊಟದ ಮನೆಯಲ್ಲಿ, ಹುಡುಗನ ಮುಂದೆ. ಅವನು ಸಂಗ್ರಾಹಕರಿಗೆ ತಿಳಿಸಿದ. ಪೆಟ್ಟಿಗೆಯಲ್ಲಿದ್ದು ಮುಟ್ಟದಿದ್ದರೆ ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆ ಬರುತ್ತಿತ್ತು. ಈಗ ಬಂದದ್ದು ಆ ಸೀರೆಗೆ ಫಾಲ್ಸ್ ಹೊಲಿಸಿ ಕುಚ್ಚು ಕಟ್ಟಿಸುವಷ್ಟು. ರಾಸಾಯನಿಕದಲ್ಲಿ ಅದ್ದಿ ನನ್ನ ಹಸಿರನ್ನು ಕಳಚಿ, ಕಂಪನಿಯ ಬಣ್ಣಕ್ಕೆ ಹೊಂದುವಂತೆ ಹೊಸದಾಗಿ ಬಳಿಸಬಹುದು, ಟೈರೂ ಸಿಗುತ್ತದೆ ಎಂಬ ಸಲಹೆಯೂ ಬಂತು. ಅಂದರೆ ಹತ್ತು ವರ್ಷದ ಹುಡುಗಿ ಬಳಿದ ಬಣ್ಣ ದೋಷ, ಈಗ ಯಾರೋ ಬಳಿಯುವ ಬಣ್ಣ ದುರಸ್ತಿ! ದೇವಸ್ಥಾನದ ವಿಗ್ರಹಕ್ಕೆ, ರಾಜರ ಕತ್ತಿಗೆ ಯಾರ ಯಾರ ಕೈ ದಾಟಿ ಬಂತೆಂಬ ಚರಿತ್ರೆ ಇದ್ದಷ್ಟೂ ಮೌಲ್ಯ. ಆಟಿಕೆಗೆ ಮಾತ್ರ ಯಾವ ಕೈಯೂ ತಾಗಿರಬಾರದು. ಇದೆಂಥ ಶಾಸ್ತ್ರವೋ ನನಗೆ ತಿಳಿಯದು. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಕೂಡಿಟ್ಟ ಹಳೆಯ ಕಾರುಗಳನ್ನು ನೀವೂ ನೋಡಿರಬಹುದು. ಅವುಗಳ ಮುಂದೆ ನಿಂತಾಗ ನಾವು ಮೊದಲು ಕೇಳುವುದು ಇದರಲ್ಲಿ ಯಾರು ಓಡಾಡಿದ್ದರು ಎಂದೇ ತಾನೆ?

ಮಾರುವುದಾದರೆ ಮಾರಲಿ, ಬೇಡವೆನ್ನಲು ನಾನು ಯಾರು. ಆದರೆ ಹೋಗುವಾಗ ಜಾತಕವಿಲ್ಲದೆ ಹೋಗಬಾರದು ಎನ್ನಿಸಿತು. ಹುಡುಗನ ಕೈಯಿಂದ ಒಂದು ಹಾಳೆ ಇಸಿದುಕೊಂಡು, ಅಪ್ಪ ಕರುಗಳ ವಿವರ ಬರೆಯುತ್ತಿದ್ದ ಕ್ರಮದಲ್ಲೇ ಬರೆದೆ. ಅಚ್ಚು: ಲಿವರ್‌ಪೂಲು. ಎರಕ: ಕಲ್ಕತ್ತಾ. ತಂದವರು: ಚಿಕ್ಕಪ್ಪ, 1970. ಒಡೆಯ: ಅಣ್ಣ. ಬಣ್ಣ: ತಂಗಿ, 1971, ಕಿಟಕಿಯದು. ಟೈರು: ಅಜ್ಜಂಪುರದ ಹಿತ್ತಿಲಿನಲ್ಲಿ ಒಂದು.

ಅತ್ತಿಗೆ ಕನ್ನಡಕ ಹಾಕಿಕೊಂಡು ಚೀಟಿ ಓದಿದರು. "ಇದೆಲ್ಲ ನಂಗೊತ್ತಿತ್ತಲ್ಲೇ" ಅಂದರು. "ನಿಮ್ಮಣ್ಣ ಮದುವೆಯಾದ ವರ್ಷವೇ ಟ್ರಂಕು ತೆಗೆದು ತೋರಿಸಿದ್ರು. ಅವಳು ಎಷ್ಟು ನೀಟಾಗಿ ಬಳಿದಿದಾಳೆ ನೋಡು ಅಂದ್ರು. ಮತ್ತೆ ಕೊಟ್ಬಿಡಿ ಅಂದೆ. ಕೇಳಿದ್ರೆ ಕೊಡ್ತೀನಿ, ಕೇಳೋದೇ ಇಲ್ಲ ಅವಳು, ಅಂದ್ರು."

ನಾನು ಏನೂ ಹೇಳಲಿಲ್ಲ.

"ಈಗ ಕೇಳು ನೋಡೋಣ" ಅಂದರು ಅತ್ತಿಗೆ, ತಮಾಷೆಗೋ ನಿಜಕ್ಕೋ. ಹುಡುಗ ಫೋನಿನಿಂದ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಾರಿನ ಜೊತೆ ಬನಿಯನ್ನಿನಲ್ಲಿ ಸುತ್ತಿಟ್ಟೆ. ತರೀಕೆರೆಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತಿಗೆ ಕಾಫಿಗೆ ಹಾಲಿಟ್ಟರು.